ಕಪ್ಪು ಹಾಯಿಯ ಸರಕು ದೋಣಿ: ಹೊಳೆಯಲ್ಲಿ ಮತ್ತು ಮಕ್ಕಳ ಕಥೆಯಲ್ಲಿ

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಆರ್ಥರ್ ರಾನ್ಸಮ್ ಬರೆದ ‘ಕೂಟ್ ಕ್ಲಬ್’ ಕಾದಂಬರಿಯನ್ನು ದಿನಾ ರಾತ್ರಿ ಅವಳಿಗೆ ಓದಿ, ಕನ್ನಡದಲ್ಲಿ ವಿವರಿಸುತ್ತಿದ್ದೇನೆ. ಅದರಲ್ಲಿ ‘ವ್ಹೆರಿ’ ಎಂಬ ದೊಡ್ಡ ಸರಕು ದೋಣಿ ಬರುತ್ತದೆ. ಅಂಥ ದೋಣಿ ನಿಜವಾಗಿ ಇತ್ತಾ, ಅಥವಾ ಲೇಖಕರ ಕಲ್ಪನೆಯಾ? ಸಣ್ಣ ಹೊಳೆಯಲ್ಲಿ, ಸೇತುವೆಗಳ ಕೆಳಗೆ ಅಷ್ಟು ದೊಡ್ಡ ಹಾಯಿ ಹೇಗೆ ಸಾಗುತ್ತಿತ್ತು ಎಂದು ಮಗಳು ಕೇಳುತ್ತಾಳೆ. ಕಂಬ ಇಳಿಸುವುದು, ಉಬ್ಬರ ಇಳಿತದ ಲೆಕ್ಕ ಹಾಕುವುದು ಎಂದು ಪುಟಗಟ್ಟಲೆ ಬರುತ್ತದೆ. ಆ ಭಾಗ ಬಿಟ್ಟು ಓದಿದರೆ ನಡೆಯುತ್ತಾ? (ಕುಂದಾಪುರದ ಓದುಗರೊಬ್ಬರು)

ಉತ್ತರ: ದಯವಿಟ್ಟು ಆ ಪುಟಗಳನ್ನು ಬಿಡಬೇಡಿ. ಈ ಕಾದಂಬರಿಯ ಕಥೆ ನಿಂತಿರುವುದೇ ಅವುಗಳ ಮೇಲೆ. ಯಾರು ಯಾವ ಹೊತ್ತಿಗೆ ಎಲ್ಲಿ ಮುಟ್ಟುತ್ತಾರೆ, ಯಾರು ಯಾರಿಗೆ ತಪ್ಪಿಹೋಗುತ್ತಾರೆ, ಯಾವ ದೋಣಿ ಕೆಸರಿನಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನೆಲ್ಲ ಗಾಳಿ, ನೀರು ಮತ್ತು ಸೇತುವೆಗಳು ತೀರ್ಮಾನಿಸುತ್ತವೆ. ರಾನ್ಸಮ್ ತಮಗೆ ಬೇಕು ಅಂತ ಗಾಳಿಯನ್ನು ತಿರುಗಿಸುವುದಿಲ್ಲ. ಆ ಪುಟಗಳನ್ನು ಬಿಟ್ಟರೆ ಮಕ್ಕಳು ಯಾಕೆ ಅವಸರ ಮಾಡುತ್ತಾರೆ, ಯಾಕೆ ಕಾಯುತ್ತಾರೆ ಎಂಬುದೇ ನಿಮ್ಮ ಮಗಳಿಗೆ ಗೊತ್ತಾಗುವುದಿಲ್ಲ. ಅರ್ಥ ಮಾಡಿಕೊಳ್ಳಲು ಬೇಕಾದದ್ದೂ ಜಾಸ್ತಿ ಇಲ್ಲ. ಕುಂದಾಪುರದಲ್ಲಿರುವ ನಿಮಗಂತೂ ಅರ್ಧ ಆಗಲೇ ಗೊತ್ತಿರುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ನೇರ ಪ್ರಶ್ನೆಗೆ ಉತ್ತರ. ವ್ಹೆರಿ ಕಲ್ಪನೆಯಲ್ಲ. ಕಥೆಯಲ್ಲಿ ಬರುವ ‘ಸರ್ ಗಾರ್ನೆಟ್’ ಎಂಬ ದೋಣಿ, ಅದನ್ನು ನಡೆಸುವ ಜಿಮ್ ವುಡಲ್, ಅವನ ಜೊತೆಗಾರ ಮುದುಕ ಸೈಮನ್ ಕಥೆಯ ಪಾತ್ರಗಳು. ಆದರೆ ಅಂಥ ದೋಣಿಗಳು, ಅಂಥ ಇಬ್ಬಿಬ್ಬರು ದುಡಿಯುವವರು, ಅವರು ಹೋಗಿ ಬಂದ ಹೊಳೆಗಳು ಎಲ್ಲವೂ ನಿಜ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫಕ್ ಮತ್ತು ಸಫಕ್ ಸೀಮೆಗಳಲ್ಲಿ ಇಂಥ ನೂರಾರು ದೋಣಿಗಳು ಓಡಾಡುತ್ತಿದ್ದವು.

ಆ ಸೀಮೆಯ ಹೆಸರು ಬ್ರಾಡ್ಸ್. ಬ್ಯೂರ್, ಆಂಟ್, ಥರ್ನ್, ಯೇರ್, ವೇವ್ನಿ ಮುಂತಾದ ಹೊಳೆಗಳು, ಅವುಗಳ ಪಕ್ಕದಲ್ಲಿ ಜೊಂಡು ಬೆಳೆದ ಆಳವಿಲ್ಲದ ಕೆರೆಗಳು. ಎಲ್ಲ ಸೇರಿ ದೋಣಿ ಹೋಗಬಲ್ಲ ದಾರಿ ಸುಮಾರು 200 ಕಿಲೋಮೀಟರ್. ನೆಲ ಎಷ್ಟು ಸಮತಟ್ಟು ಅಂದರೆ ದೂರದಿಂದ ನೋಡಿದವರಿಗೆ ಹೊಳೆ ಕಾಣುವುದಿಲ್ಲ, ಗದ್ದೆಯ ನಡುವೆ ಹಾಯಿ ಮಾತ್ರ ಸರಿದುಹೋಗುವುದು ಕಾಣುತ್ತದೆ. ಆ ಕೆರೆಗಳು ತಾವಾಗಿಯೇ ಆದವು ಎಂದು ಜನ ಬಹಳ ಕಾಲ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಅಲ್ಲಿನ ಮಣ್ಣನ್ನು ಕೊರೆದು ನೋಡಿದರು. ಕೆರೆಗಳ ಅಂಚು ನೀರಿನ ಕೆಳಗೆ ಗೋಡೆಯಂತೆ ನೆಟ್ಟಗಿತ್ತು. ಅವು ಮಧ್ಯಯುಗದ ಜನ ಒಲೆಗೆ ಉರುವಲಾಗಿ ಪೀಟ್ ಎಂಬ ಕೊಳೆತ ಸಸ್ಯದ ಮಣ್ಣನ್ನು ಅಗೆದು ತೆಗೆದ ಗುಂಡಿಗಳು. ಆಮೇಲೆ ನೀರಿನ ಮಟ್ಟ ಏರಿ ಗುಂಡಿಗಳು ಮುಳುಗಿದವು. ಮನುಷ್ಯರ ಕೈಯಿಂದ ಇಷ್ಟು ಚಂದದ ಜಾಗ ಆಗಿದೆ ಎಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಇಂಥ ಜಾಗದಲ್ಲಿ ರಸ್ತೆ ಮಾಡುವುದು ಕಷ್ಟ. ಜೌಗಿನಲ್ಲಿ ಗಾಡಿ ಹೂತುಹೋಗುತ್ತದೆ. ಹಾಗಾಗಿ ಕಲ್ಲಿದ್ದಲು, ಮರ, ಧಾನ್ಯ, ಹಿಟ್ಟು, ಇಟ್ಟಿಗೆ, ಮನೆ ಹೊದಿಸುವ ಜೊಂಡು ಎಲ್ಲವೂ ನೀರಿನ ಮೇಲೆಯೇ ಹೋಗಬೇಕಿತ್ತು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಮಂಜುಗಡ್ಡೆಯನ್ನೂ ಒಡೆದು ತುಂಬಿ, ಮೀನು ಕೆಡದಂತೆ ಇಡಲು ಗ್ರೇಟ್ ಯಾರ್ಮತ್ ಬಂದರಿಗೆ ಸಾಗಿಸುತ್ತಿದ್ದರು.

ಈಗ ದೋಣಿಯನ್ನು ನೋಡೋಣ. ಉದ್ದ ಸುಮಾರು 50ರಿಂದ 60 ಅಡಿ, ಅಗಲ 15 ಅಡಿಯ ಆಸುಪಾಸು. 25ರಿಂದ 40 ಟನ್ ಸರಕು ಹೊರುತ್ತಿತ್ತು. ಓಕ್ ಮರದ ಹಲಗೆಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿ ಮೊಳೆ ಹೊಡೆದ ಒಡಲು. ನಡುವೆ ಸರಕಿನ ದೊಡ್ಡ ಗುಂಡಿ, ಅದಕ್ಕೆ ಮುಚ್ಚಳದ ಹಲಗೆಗಳು. ಹಿಂದೆ ಇಬ್ಬರು ಮಲಗುವಷ್ಟು ಚಿಕ್ಕ ಕೋಣೆ, ಒಳಗೊಂದು ಒಲೆ. ಅದರ ಹಿಂದೆ ಚುಕ್ಕಾಣಿ ಹಿಡಿಯುವವನು ನಿಲ್ಲುವ ಜಾಗ. ಇಬ್ಬರೇ ಇಡೀ ದೋಣಿಯನ್ನು ನಡೆಸುತ್ತಿದ್ದರು. ಒಬ್ಬ ಯಜಮಾನ, ಇನ್ನೊಬ್ಬ ಜೊತೆಗಾರ. ಎಷ್ಟೋ ಸಲ ಜೊತೆಗಾರರ ಜಾಗದಲ್ಲಿ ಯಜಮಾನನ ಹೆಂಡತಿ ಇರುತ್ತಿದ್ದಳು, ಇಲ್ಲವೇ ಒಬ್ಬ ಹುಡುಗ.

ನಲವತ್ತು ಟನ್ ಹೊತ್ತ ದೋಣಿಗೆ ಇಬ್ಬರು ಹೇಗೆ ಸಾಕಾಗುತ್ತಿದ್ದರು? ಇರುವುದು ಒಂದೇ ಹಾಯಿ. ಎತ್ತಲು ಒಂದೇ ಹಗ್ಗ. ಕಂಬದ ಬುಡದಲ್ಲಿ ಹಗ್ಗ ಸುತ್ತುವ ಕೈರಾಟೆ. ಒಬ್ಬ ರಾಟೆ ತಿರುಗಿಸಿದರೆ ಹಾಯಿಯ ಮೇಲಂಚಿನ ಮರ ಸಮೇತ ಇಡೀ ಹಾಯಿ ಮೇಲೇರುತ್ತಿತ್ತು. ಹಾಯಿಯ ಕೆಳಗಂಚಿಗೆ ಮರ ಇಲ್ಲ. ಕೆಳಗಡೆ ಒಂದು ಪಟ್ಟಿ ಬಟ್ಟೆಯನ್ನು ದಾರದಿಂದ ಹೆಣೆದು ಸೇರಿಸಿರುತ್ತಿದ್ದರು. ಗಾಳಿ ಜೋರಾದರೆ ಅದನ್ನು ಬಿಚ್ಚಿದರೆ ಆಯಿತು, ಹಾಯಿ ಚಿಕ್ಕದಾಗುತ್ತದೆ. ದಡದ ಮರಗಳು ಮತ್ತು ಜೊಂಡು ಕೆಳಗಿನ ಗಾಳಿಯನ್ನು ತಡೆಯುತ್ತವಲ್ಲ, ಅದಕ್ಕೇ ಹಾಯಿ ಅಷ್ಟು ಎತ್ತರ. ಮೇಲಿನ ಗಾಳಿ ಹಿಡಿಯಬೇಕಿತ್ತು.

ಹಾಯಿ ಯಾಕೆ ಕಪ್ಪು ಎಂದು ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ. ಮಳೆ ಬಿಸಿಲಿಗೆ ಬಟ್ಟೆ ಕೊಳೆಯದಿರಲಿ ಎಂದು ಟಾರು ಮತ್ತು ಮೀನೆಣ್ಣೆ ಬಳಿಯುತ್ತಿದ್ದರು. ದೋಣಿಯ ಮೂತಿಗೆ ಮಾತ್ರ ಬಿಳಿ ಬಣ್ಣ. ಕಪ್ಪು ಒಡಲು, ಕಪ್ಪು ಹಾಯಿಯ ದೋಣಿ ಕತ್ತಲಲ್ಲಿ ಎದುರಿಗೆ ಬಂದರೆ ಕಾಣಬೇಕಲ್ಲ. ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡು ತಿರುಗುತ್ತಿತ್ತು. ಅದರಲ್ಲಿ ವೇಲ್ಸ್ ಸೀಮೆಯ ಉಡುಪಿನ ಹುಡುಗಿಯ ಆಕೃತಿ ಕತ್ತರಿಸಿ ಕೂರಿಸುವ ವಾಡಿಕೆ ಇತ್ತು. ದುಡಿಮೆಯ ದೋಣಿಗೂ ಒಂದಿಷ್ಟು ಸಿಂಗಾರ ಬೇಕು ಎಂದು ಆ ಜನಕ್ಕೆ ಅನ್ನಿಸಿತ್ತು.

ಇನ್ನು ಸೇತುವೆ. ಪಾಟರ್ ಹೈಮ್ ಎಂಬ ಊರಿನ ಹಳೆಯ ಕಲ್ಲಿನ ಸೇತುವೆಯ ಕೆಳಗೆ, ನೀರು ಏರಿದಾಗ, ಸುಮಾರು ಎರಡು ಮೀಟರ್ ಮಾತ್ರ ಜಾಗ ಇರುತ್ತದೆ. ವ್ಹೆರಿಯ ಕಂಬದ ಎತ್ತರ ಸುಮಾರು 40 ಅಡಿ. ನಮ್ಮ ಹಳ್ಳಿಗಳಲ್ಲಿ ಬಾವಿಯಿಂದ ನೀರೆತ್ತಲು ಏತ ಇರುತ್ತಿತ್ತಲ್ಲ, ವ್ಹೆರಿಯ ಕಂಬ ಅದೇ ಥರ. ಏತದ ಮರದ ಒಂದು ಕೊನೆಗೆ ಕಲ್ಲು ಕಟ್ಟಿದರೆ ಇನ್ನೊಂದು ಕೊನೆ ಹಗುರವಾಗುತ್ತದೆ. ವ್ಹೆರಿಯ ಕಂಬದ ಬುಡಕ್ಕೂ ಒಂದು ಟನ್‌ಗಿಂತ ಜಾಸ್ತಿ ಸೀಸ ಕಟ್ಟಿರುತ್ತಿದ್ದರು. ಕಂಬ ದೋಣಿಯ ಮೇಲ್ಭಾಗದಲ್ಲಿ ಒಂದು ಗಟ್ಟಿ ಚೌಕಟ್ಟಿನ ನಡುವೆ ಕೀಲಿನ ಮೇಲೆ ನಿಂತಿರುತ್ತದೆ. ಅಕ್ಕಪಕ್ಕದಲ್ಲಿ ಅದನ್ನು ಎಳೆದು ಹಿಡಿಯುವ ಹಗ್ಗಗಳಿಲ್ಲ. ಮೂತಿಯ ಕಡೆಗೆ ಒಂದೇ ಹಗ್ಗ. ಅದನ್ನು ಸಡಿಲಿಸಿದರೆ ಕಂಬ ನಿಧಾನಕ್ಕೆ ಹಿಂದಕ್ಕೆ ಮಲಗುತ್ತದೆ, ಬುಡದ ಸೀಸ ಮುಂದಕ್ಕೆ ಏಳುತ್ತದೆ. ತೂಕ ಸಮನಾಗಿರುವುದರಿಂದ ಒಬ್ಬ ಹುಡುಗನೂ ಇಳಿಸಿ ಏರಿಸಬಹುದಿತ್ತು.

ಪಳಗಿದವರು ಇದಕ್ಕಾಗಿ ದೋಣಿ ನಿಲ್ಲಿಸುತ್ತಲೂ ಇರಲಿಲ್ಲ. ಸೇತುವೆ ಹತ್ತಿರ ಬಂತು ಅನ್ನುವಾಗ ಹಾಯಿ ಇಳಿಸಿ, ಕಂಬ ಮಲಗಿಸಿ, ಬಂದ ವೇಗದಲ್ಲೇ ಕಮಾನಿನ ಕೆಳಗೆ ನುಗ್ಗಿ, ಆಚೆ ಬಂದ ಕೂಡಲೇ ಕಂಬ ಎತ್ತಿ ಮತ್ತೆ ಹಾಯಿ ಏರಿಸುತ್ತಿದ್ದರು. ಒಂದು ಕ್ಷಣ ಮುಂಚೆ ಇಳಿಸಿದರೆ ವೇಗ ಸಾಲದು, ತಡ ಮಾಡಿದರೆ ಕಂಬ ಸೇತುವೆಗೆ ಬಡಿಯುತ್ತದೆ. ಕಥೆಯ ಮಕ್ಕಳು ತಮ್ಮ ಚಿಕ್ಕ ದೋಣಿಯ ಕಂಬ ಇಳಿಸುವಾಗ ಅಷ್ಟು ಗಂಭೀರವಾಗಿರುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಅವರು ನೋಡಿ ಕಲಿತದ್ದು ಇಂಥವರಿಂದ.

ಗಾಳಿ ಇಲ್ಲದಿದ್ದರೆ ಅಥವಾ ಎದುರಿಗಿದ್ದರೆ? ಹೊಳೆ ಅಗಲವಿದ್ದ ಕಡೆ ಒಮ್ಮೆ ಎಡದಡಕ್ಕೆ, ಒಮ್ಮೆ ಬಲದಡಕ್ಕೆ ಓರೆಯಾಗಿ ಹಾಯುತ್ತಾ ಗಾಳಿಯ ಎದುರು ಮುಂದೆ ಹೋಗುತ್ತಿದ್ದರು. ಅಷ್ಟು ಅಗಲ ಇಲ್ಲದಿದ್ದರೆ ಗಳ ಹಾಕಬೇಕು. ಇಪ್ಪತ್ತು ಅಡಿಗಿಂತ ಉದ್ದದ ಗಳ. ಅದನ್ನು ಮೂತಿಯ ಹತ್ತಿರ ಹೊಳೆಯ ತಳಕ್ಕೆ ಊರಿ, ಮೇಲಿನ ತುದಿಯನ್ನು ಭುಜಕ್ಕೆ ಕೊಟ್ಟು, ದೋಣಿಯ ಅಂಚಿನ ಕಿರಿದಾದ ಹಲಗೆಯ ಮೇಲೆ ಹಿಂದಿನವರೆಗೂ ತಳ್ಳುತ್ತಾ ನಡೆಯಬೇಕು. ಆಮೇಲೆ ಗಳವನ್ನು ಕಿತ್ತು, ಮತ್ತೆ ಮುಂದಕ್ಕೆ ಬಂದು, ಮತ್ತೆ ಊರಬೇಕು. ಗಳ ಕೆಸರಿನಲ್ಲಿ ಹೂತು ಬಿಡಿಸಲಾಗದಿದ್ದರೆ ದೋಣಿ ಮುಂದೆ ಹೋಗುತ್ತದೆ, ಮನುಷ್ಯ ಗಳದ ಜೊತೆ ನೀರಿಗೆ ಬೀಳುತ್ತಾನೆ. ಮೈಲಿಗಟ್ಟಲೆ ಹೀಗೆ ಕಲ್ಲಿದ್ದಲು ಸಾಗಿಸಿದವರ ಭುಜದ ನೋವನ್ನು ನೆನೆಯದೆ ಈ ದೋಣಿಗಳನ್ನು ಬರೀ ಚಂದದ ಚಿತ್ರ ಎಂದು ನೋಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಉಬ್ಬರ ಇಳಿತ. ಇಲ್ಲಿ ನಿಮ್ಮೂರು ನಿಮಗೆ ಸಹಾಯಕ್ಕೆ ಬರುತ್ತದೆ. ಕುಂದಾಪುರದ ಪಂಚಗಂಗಾವಳಿಯಲ್ಲಿ ಐದು ಹೊಳೆಗಳು ಸೇರಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಬ್ರಾಡ್ಸ್‌ನ ಹೊಳೆಗಳೂ ಹೀಗೇ. ಯೇರ್ ಮತ್ತು ವೇವ್ನಿ ಹೊಳೆಗಳು ಬ್ರೈಡನ್ ವಾಟರ್ ಎಂಬ ವಿಶಾಲ ಹಿನ್ನೀರಿಗೆ ಬರುತ್ತವೆ. ಬ್ಯೂರ್ ಹೊಳೆ ಅದರ ಕೆಳಗೆ ಗ್ರೇಟ್ ಯಾರ್ಮತ್‌ನಲ್ಲಿ ಬಂದು ಕೂಡುತ್ತದೆ. ಎಲ್ಲದಕ್ಕೂ ಅಲ್ಲೇ ಕಡಲಿನ ಬಾಯಿ. ಕಡಲು ಏರಿದಾಗ ನೀರು ಹೊಳೆಗಳೊಳಗೆ ಹಿಂದಕ್ಕೆ ಹರಿಯುತ್ತದೆ, ಇಳಿದಾಗ ಹೊರಗೆ ಹರಿಯುತ್ತದೆ. ಏರಲು ಆರು ಗಂಟೆ ಚಿಲ್ಲರೆ, ಇಳಿಯಲು ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿಮ್ಮೂರಿನ ಮೀನುಗಾರರಿಗೆ ಇದನ್ನು ಯಾರೂ ಪುಸ್ತಕ ನೋಡಿ ಹೇಳಬೇಕಿಲ್ಲ, ಅಲ್ವಾ?

ಕಥೆಯ ಮಕ್ಕಳು ಇರುವುದು ಉತ್ತರದ ಹಾರ್ನಿಂಗ್ ಎಂಬ ಹಳ್ಳಿಯಲ್ಲಿ, ಬ್ಯೂರ್ ಹೊಳೆಯ ದಡದಲ್ಲಿ. ದಕ್ಷಿಣದ ಹೊಳೆಗಳಿಗೆ ಹೋಗಬೇಕಾದರೆ ಯಾರ್ಮತ್ ದಾಟಲೇಬೇಕು. ಅಲ್ಲಿ ಸೇತುವೆಗಳಿವೆ, ಸೆಳೆತ ಜೋರು, ದಡಕ್ಕೆ ಕಟ್ಟಿ ನಿಲ್ಲುವುದೂ ಸುಲಭವಲ್ಲ. ಇರುವ ಉಪಾಯ ಒಂದೇ. ಇಳಿತದ ನೀರಿನ ಜೊತೆ ಬ್ಯೂರ್‌ನಲ್ಲಿ ಕೆಳಗೆ ಬರಬೇಕು. ನೀರು ಪೂರ್ತಿ ಇಳಿದು ನಿಂತ ಸ್ವಲ್ಪ ಹೊತ್ತಿನಲ್ಲೇ ಯಾರ್ಮತ್ ದಾಟಬೇಕು. ಆಗ ಸೆಳೆತವಿಲ್ಲ, ಸೇತುವೆಯ ಕೆಳಗೆ ಜಾಗವೂ ಜಾಸ್ತಿ. ಬೆನ್ನಲ್ಲೇ ಶುರುವಾಗುವ ಉಬ್ಬರ ದೋಣಿಯನ್ನು ಬ್ರೈಡನ್ ಮೂಲಕ ಮೇಲಕ್ಕೆ ಹೊತ್ತೊಯ್ಯುತ್ತದೆ. ಈ ಹೊತ್ತು ತಪ್ಪಿದರೆ ಅರ್ಧ ದಿನ ಕಾಯಬೇಕು.

ಅವಳಿ ಹುಡುಗಿಯರ ಪ್ರಸಂಗವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ‘ಟೀಸಲ್’ ಎಂಬ ದೋಣಿಯಲ್ಲಿ ಗೆಳೆಯರು ದಕ್ಷಿಣಕ್ಕೆ ಹೊರಟಾಗಿದೆ. ಅಪ್ಪನ ದೋಣಿ ಪಂದ್ಯಕ್ಕಾಗಿ ಊರಲ್ಲೇ ಉಳಿದಿದ್ದ ಹುಡುಗಿಯರಿಗೆ ಕೊನೆಗೆ ಬಿಡುವು ಸಿಗುತ್ತದೆ. ಈಗ ಗೆಳೆಯರನ್ನು ಹಿಡಿಯುವುದು ಹೇಗೆ? ಹೊಳೆಯಲ್ಲಿ ಹೋಗುತ್ತಿರುವ ‘ಸರ್ ಗಾರ್ನೆಟ್’ ವ್ಹೆರಿಯನ್ನು ಹತ್ತುತ್ತಾರೆ. ಜಿಮ್ ಅವರನ್ನು ಅತಿಥಿಗಳ ಹಾಗೆ ಕೂರಿಸುವುದಿಲ್ಲ. ಅವರು ಹೊಳೆಯ ಮಕ್ಕಳು, ಕೆಲಸ ಗೊತ್ತಿರುವವರು ಎಂದು ಅವನಿಗೆ ಗೊತ್ತು. ಗಾಳಿ ಇರುವವರೆಗೆ ಎಲ್ಲ ಚಂದ. ಆದರೆ ಗಾಳಿ, ಇಳಿತ ಎರಡೂ ಗೆಳೆಯರ ದೋಣಿಗೆ ಆಗಲೇ ನೆರವಾಗಿಬಿಟ್ಟಿವೆ. ಅಲ್ಲಿಂದ ಮುಂದೆ ಹುಡುಗಿಯರು ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತಾ ಹೋಗಬೇಕಾಗುತ್ತದೆ. ಓದುವವರ ಎದೆ ಢವಢವ ಅನ್ನುವುದು ಖಳನಾಯಕರಿಂದಲ್ಲ, ಗಡಿಯಾರ ಮತ್ತು ನೀರಿನಿಂದ. ಮಕ್ಕಳ ಸಾಹಿತ್ಯದಲ್ಲಿ ಇಷ್ಟು ಪ್ರಾಮಾಣಿಕವಾಗಿ ಕುತೂಹಲ ಕಟ್ಟಿದ ಕಥೆ ನಾನು ಓದಿದ್ದು ಬಹಳ ಕಡಿಮೆ. ಮುಂದೆ ಬ್ರೈಡನ್‌ನ ಕೆಸರಿನಲ್ಲಿ ಒಂದು ದೊಡ್ಡ ಪ್ರಸಂಗ ಬರುತ್ತದೆ. ನೀವು ಇನ್ನೂ ಅಲ್ಲಿಗೆ ಬಂದಿಲ್ಲದಿರಬಹುದು, ಹಾಗಾಗಿ ಹೇಳುವುದಿಲ್ಲ. ಇಳಿತದಲ್ಲಿ ಆ ಹಿನ್ನೀರಿನ ಬಹುಪಾಲು ಬರೀ ಕೆಸರಾಗುತ್ತದೆ, ದೋಣಿ ಹೋಗುವ ದಾರಿಯನ್ನು ಗೂಟಗಳು ತೋರಿಸುತ್ತವೆ ಎಂಬುದನ್ನು ಮಾತ್ರ ಮಗಳಿಗೆ ಮೊದಲೇ ಹೇಳಿಟ್ಟಿರಿ.

‘ಕೂಟ್ ಕ್ಲಬ್’ ಪ್ರಕಟವಾದದ್ದು 1934ರಲ್ಲಿ. ರಾನ್ಸಮ್ ಆ ಹೊಳೆಗಳಲ್ಲಿ ಸ್ವತಃ ಹಾಯಿ ದೋಣಿಯಲ್ಲಿ ತಿರುಗಾಡಿದವರು. ಅವರು ಬರೆಯುತ್ತಿದ್ದ ಹೊತ್ತಿಗೆ ವ್ಹೆರಿಯ ಕಾಲ ಮುಗಿಯುತ್ತಾ ಬಂದಿತ್ತು. ನಾರ್ವಿಚ್‌ನಿಂದ ಯಾರ್ಮತ್‌ಗೆ ರೈಲು ಬಂದದ್ದು 1844ರಲ್ಲಿ. ಆಮೇಲೂ ವ್ಹೆರಿಗಳು ಹಳ್ಳಿಹಳ್ಳಿಯ ಕಟ್ಟೆಗೆ ಸರಕು ಮುಟ್ಟಿಸುತ್ತಾ ದಶಕಗಳ ಕಾಲ ಬದುಕಿದವು. 1912ರ ಆಗಸ್ಟ್‌ನ ದೊಡ್ಡ ನೆರೆ ಬ್ಯೂರ್ ಹೊಳೆಯ ಮೇಲ್ಭಾಗದಲ್ಲಿ ಏಲ್ಶಮ್ ಊರಿಗೆ ಹೋಗುವ ನೀರುದಾರಿಯ ತೂಬುಕಟ್ಟೆಗಳನ್ನು ಹಾಳು ಮಾಡಿತು. ಅವನ್ನು ಮತ್ತೆ ಕಟ್ಟಲಿಲ್ಲ. ಅದೇ ವರ್ಷ ‘ಎಲ್ಲಾ’ ಎಂಬ ಹೆಸರಿನ ವ್ಹೆರಿ ನೀರಿಗಿಳಿಯಿತು. ಸರಕಿಗಾಗಿ ಕಟ್ಟಿದ ಕೊನೆಯ ವ್ಹೆರಿ ಅದು. ಆಮೇಲೆ ಲಾರಿ ಬಂತು, ಯಂತ್ರದ ದೋಣಿ ಬಂತು. ಉತ್ತರದ ನಾರ್ತ್ ವಾಲ್ಶಮ್ ಕಾಲುವೆಯಿಂದ ಕೊನೆಯ ಸಲ ಸರಕು ಹೊತ್ತು ಹೊರಬಂದದ್ದೂ ಇದೇ ‘ಎಲ್ಲಾ’, 1934ರಲ್ಲಿ. ಪುಸ್ತಕ ಅಂಗಡಿಗೆ ಬಂದ ವರ್ಷವೇ ಒಂದು ನೀರುದಾರಿಯಲ್ಲಿ ಹಾಯಿ ನಿಂತುಹೋಯಿತು.

ರಾನ್ಸಮ್ ಇದಕ್ಕೆ ಕಣ್ಣೀರು ಸುರಿಸಿ ಬರೆಯುವುದಿಲ್ಲ. ಅವರ ಕಥೆಯಲ್ಲಿ ವ್ಹೆರಿ ದುಡಿಯುತ್ತಿರುತ್ತದೆ. ಸರಕು ಇಳಿಸಬೇಕು, ಹೊತ್ತಿಗೆ ಮುಟ್ಟಬೇಕು, ಜಿಮ್‌ಗೆ ಮಾತಾಡಲು ಜಾಸ್ತಿ ಪುರುಸೊತ್ತಿಲ್ಲ. ಇದೇ ನನಗೆ ಈ ಪುಸ್ತಕದಲ್ಲಿ ಬಹಳ ಇಷ್ಟ. ಎದುರಿಗೆ ಇರುವುದು ‘ಮಾರ್ಗೊಲೆಟ್ಟಾ’ ಎಂಬ ಯಂತ್ರದ ದೋಣಿ. ಬಾಡಿಗೆಗೆ ತಂದು ಗದ್ದಲ ಹಾಕುತ್ತಾ ತಿರುಗುವವರು ಅದರಲ್ಲಿದ್ದಾರೆ. ಹಕ್ಕಿಯ ಗೂಡಿರುವ ಜಾಗದಲ್ಲೇ ತಂದು ಕಟ್ಟಿದ ಆ ದೋಣಿಯ ಹಗ್ಗವನ್ನು ಕಥೆಯ ಹುಡುಗ ಟಾಮ್ ಬಿಚ್ಚಿಬಿಡುವುದರಿಂದಲೇ ಕಥೆಯ ಗಡಿಬಿಡಿ ಶುರುವಾಗುತ್ತದೆ. ಆ ಹಕ್ಕಿ ಕೂಟ್, ಅಂದರೆ ನಮ್ಮ ಕೆರೆಗಳಲ್ಲೂ ಕಾಣುವ ನಾಮದ ಕೋಳಿ. ಹಣೆಯ ಮೇಲೆ ಬಿಳಿ ಪಟ್ಟೆಯ ಕಪ್ಪು ಹಕ್ಕಿ. ಚಳಿಗಾಲದಲ್ಲಿ ದೊಡ್ಡ ಕೆರೆಯ ಕಡೆ ಹೋದಾಗ ಮಗಳಿಗೆ ತೋರಿಸಬಹುದು.

ಇವತ್ತು ವ್ಹೆರಿ ನೋಡಲು ಸಿಗುತ್ತಾ? ಸಿಗುತ್ತದೆ, ಆದರೆ ಸರಕಿನ ವ್ಹೆರಿಗಳಲ್ಲಿ ಹಾಯಿ ಬಿಚ್ಚುವ ಸ್ಥಿತಿಯಲ್ಲಿ ಉಳಿದಿರುವುದು ಎರಡೇ. ಒಂದು 1898ರ ‘ಆಲ್ಬಿಯನ್’. ಹಾಯಿ, ಕಂಬ ಕಳೆದುಕೊಂಡು ಬರೀ ಸರಕಿನ ತೊಟ್ಟಿಯಾಗಿದ್ದ ಅದನ್ನು 1949ರಲ್ಲಿ ಹುಟ್ಟಿದ ನಾರ್ಫಕ್ ವ್ಹೆರಿ ಟ್ರಸ್ಟ್ ಮತ್ತೆ ಸಜ್ಜು ಮಾಡಿತು. ಇನ್ನೊಂದು 1899ರ ‘ಮಾಡ್’. ಅದರ ಕಥೆ ಇನ್ನೂ ದೊಡ್ಡದು. ದಡ ಕುಸಿಯದಿರಲಿ ಎಂದು ಅದನ್ನು ರ‍್ಯಾನ್‌ವರ್ತ್ ಕೆರೆಯಲ್ಲಿ ಮುಳುಗಿಸಿಬಿಟ್ಟಿದ್ದರು. ಹಳೆಯ ವ್ಹೆರಿಗಳಲ್ಲಿ ಬಹಳಷ್ಟರ ಗತಿ ಇದೇ. ಸರ್ಲಿಂಗಮ್ ಎಂಬಲ್ಲಂತೂ ಒಂದು ಸಾಲು ವ್ಹೆರಿಗಳು ನೀರಿನಡಿ ಮಲಗಿವೆ. 1981ರಲ್ಲಿ ವಿನ್ಸೆಂಟ್ ಮತ್ತು ಲಿಂಡಾ ಪಾರ್ಜಿಟರ್ ದಂಪತಿ ‘ಮಾಡ್’ ದೋಣಿಯನ್ನು ಕೆಸರಿನಿಂದ ಎತ್ತಿಸಿದರು. ಹಲಗೆ ಹಲಗೆಯಾಗಿ ದುರಸ್ತಿ ಮಾಡುತ್ತಾ ವರ್ಷಗಟ್ಟಲೆ ದುಡಿದರು. ಕಟ್ಟಿ ನೂರು ವರ್ಷವಾಗುವ ಹೊತ್ತಿಗೆ ಅದು ಮತ್ತೆ ಹಾಯಿ ಬಿಚ್ಚಿ ಹೊರಟಿತು. ವಿಹಾರಕ್ಕಾಗಿ ಕಟ್ಟಿದ ವ್ಹೆರಿಗಳೂ ಕೆಲವು ಉಳಿದಿವೆ. 1905ರ ‘ಹಾಥೋರ್’ ಅವುಗಳಲ್ಲೊಂದು. ಈಜಿಪ್ಟಿನಲ್ಲಿ ತೀರಿಕೊಂಡ ತಮ್ಮನ ನೆನಪಿಗೆ, ಅವನು ನೈಲ್ ನದಿಯಲ್ಲಿ ಪಯಣಿಸಿದ ದೋಣಿಯ ಹೆಸರನ್ನೇ ಇಟ್ಟು, ಕೋಲ್ಮನ್ ಮನೆತನದ ಅಕ್ಕತಂಗಿಯರು ಅದನ್ನು ಕಟ್ಟಿಸಿದರು.

ಓದುವ ಬಗ್ಗೆ ಒಂದೆರಡು ಮಾತು. ಪುಸ್ತಕದಲ್ಲಿರುವ ನಕ್ಷೆಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಓದಿದ ಮೇಲೆ ದಿನಾ ಟೀಸಲ್ ಎಲ್ಲಿದೆ, ಸರ್ ಗಾರ್ನೆಟ್ ಎಲ್ಲಿದೆ ಎಂದು ಮಗಳೇ ಗುರುತು ಹಾಕಲಿ. ಗಾಳಿ ಯಾವ ಕಡೆಯಿಂದ, ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ಎಂದು ಎರಡು ಬಾಣ ಬರೆದರೆ ಸಾಕು. ನಾಳೆ ಏನಾಗಬಹುದು ಎಂದು ಅವಳೇ ಊಹಿಸಲು ಶುರು ಮಾಡುತ್ತಾಳೆ. ಹಾಯಿ, ಹಗ್ಗಗಳ ಇಂಗ್ಲಿಷ್ ಹೆಸರುಗಳನ್ನೆಲ್ಲ ಕಲಿಸಲು ಹೋಗಬೇಡಿ. ‘ಈ ಹಗ್ಗ ಎಳೆದರೆ ಹಾಯಿ ಏರುತ್ತದೆ’ ಎಂದು ಹೇಳಿದರೆ ಕಥೆ ಎಲ್ಲೂ ನಿಲ್ಲುವುದಿಲ್ಲ.

ಇದಾದ ಮೇಲೆ ಅದೇ ಹಾರ್ನಿಂಗ್‌ನ ಮಕ್ಕಳ ಪತ್ತೇದಾರಿ ಕಥೆ ‘ದಿ ಬಿಗ್ ಸಿಕ್ಸ್’ ಇದೆ, 1940ರದ್ದು. ‘ಕೂಟ್ ಕ್ಲಬ್’ ಕಥೆಯಲ್ಲೇ ಹುಡುಗಿಯರನ್ನು ಹತ್ತಿಸಿಕೊಳ್ಳುವ ‘ವೆಲ್ಕಮ್’ ಎಂಬ ಥೇಮ್ಸ್ ಬಾರ್ಜ್ ನಿಮ್ಮ ಮಗಳಿಗೆ ಹಿಡಿಸಿದರೆ ‘ವೀ ಡಿಡಂಟ್ ಮೀನ್ ಟು ಗೋ ಟು ಸೀ’ ಓದಿ. ಥೇಮ್ಸ್ ಬಾರ್ಜ್ ಬೇರೆಯೇ ಜಾತಿಯ ದೋಣಿ. ವ್ಹೆರಿಗಿಂತ ಬಹಳ ದೊಡ್ಡದು, ತಳ ಚಪ್ಪಟೆ. ನೀರು ಇಳಿದರೆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಪಕ್ಕಕ್ಕೆ ಜಾರದಿರಲಿ ಎಂದು ಎರಡೂ ಮಗ್ಗುಲಲ್ಲಿ ನೀರಿಗಿಳಿಸುವ ದೊಡ್ಡ ಹಲಗೆಗಳಿವೆ. ಹಾಯಿಗಳು ಕಾವಿ ಬಣ್ಣದವು. ಹೊಳೆಯಲ್ಲೂ ಕಡಲ ತೀರದಲ್ಲೂ ಓಡಾಡುತ್ತಿದ್ದ ಇವು ವ್ಹೆರಿಗಿಂತ ಜಾಸ್ತಿ ಕಾಲ ಬಾಳಿದವು. ‘ಕೇಂಬ್ರಿಯಾ’ ಎಂಬ ಬಾರ್ಜ್ 1970ರವರೆಗೂ ಯಂತ್ರವಿಲ್ಲದೆ ಬರೀ ಹಾಯಿಯಲ್ಲೇ ಸರಕು ಸಾಗಿಸಿತು. ಆದರೆ ಆ ಕಾದಂಬರಿಯಲ್ಲಿ ಮಕ್ಕಳು ರಾತ್ರಿ, ಬಿರುಗಾಳಿಯಲ್ಲಿ, ದೊಡ್ಡವರಿಲ್ಲದೆ ಕಡಲಿಗೆ ಸಿಕ್ಕಿಕೊಳ್ಳುತ್ತಾರೆ. ಮಲಗುವ ಹೊತ್ತಿಗೆ ಅದು ಸ್ವಲ್ಪ ಭಯ ಹುಟ್ಟಿಸಬಹುದು. ಇನ್ನೊಂದು ವರ್ಷ ಬಿಟ್ಟು ಓದಿದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.